ಹಸಿ ಹಿಟ್ಟಿನ ಮೇಲೆ ಕೆನೆ ಸುರಿಯುವವರಿಗೆ

ನೋಡಬಾರದಿತ್ತು, ನೋಡಿದೆ. ಕುದಿಯುತ್ತಿರುವ ಸ್ಟಾಕಿಗೆ (ತರಕಾರಿ ಅಥವಾ ಮೂಳೆ ಬೇಯಿಸಿ ಸೋಸಿದ ರಸಕ್ಕೆ) ಒಣ ಮೈದಾವನ್ನು ಚಮಚಗಟ್ಟಲೆ ಉದುರಿಸಿ, ಅದು ಕಣ್ಣೆದುರಿಗೇ ಗಂಟು ಕಟ್ಟುತ್ತಿರುವುದನ್ನು ಕಂಡೂ ಕಾಣದಂತೆ ಕದಡಿ, ಕೊನೆಗೆ ಎಲ್ಲವನ್ನೂ ಮಿಕ್ಸಿಗೆ ಸುರಿದು ತಿರುವಿ, ಮೇಲೆ ಧಾರಾಳವಾಗಿ ಕೆನೆ ಹಾಕಿ, ‘ಐದೇ ನಿಮಿಷದಲ್ಲಿ ಮನೆಯ ಗ್ರೇವಿ’ ಎಂದು ನಗುನಗುತ್ತಾ ಚಮಚವೆತ್ತಿ ತೋರಿಸುವ ವಿಡಿಯೋ ಅದು. ಕೆಳಗೆ ಮೆಚ್ಚುಗೆಯ ಸಾಲು ಸಾಲು. ‘ಎಷ್ಟು ಸುಲಭ!’ ಎಂದು ಬರೆದವರಲ್ಲಿ ನನ್ನ ಇಬ್ಬರು ಸ್ನೇಹಿತರೂ ಇದ್ದಾರೆ, ಅವರು ಇದನ್ನು ಓದುತ್ತಾರೆಂಬ ಭರವಸೆಯಿಂದಲೇ ಬರೆಯುತ್ತಿದ್ದೇನೆ. ಅಡುಗೆಯ ಮಾತು ಬಂದರೆ ನಾನು ಬೇಗ ನಿಲ್ಲಿಸುವವಳಲ್ಲ ಎಂಬುದು ಇಲ್ಲಿರುವವರಿಗೆ ಹೊಸ ವಿಷಯವೇನಲ್ಲ. ಪುರುಸೊತ್ತಿಲ್ಲದವರು ಇಲ್ಲಿಂದಲೇ ಮುಂದೆ ಸಾಗಬಹುದು.

ನನ್ನ ತಕರಾರು ಒಂದೇ. ಗ್ರೇವಿಗೆ ನುಣುಪು ಬರುವುದು ಕೆನೆಯಿಂದ ಎಂದು ಜನ ನಂಬಿಬಿಟ್ಟಿದ್ದಾರೆ. ಅದು ಬರುವುದು ಬೆಣ್ಣೆಯಲ್ಲಿ ಸರಿಯಾಗಿ ಹುರಿದ ಹಿಟ್ಟಿನಿಂದ. ಕೆನೆ ಅದಕ್ಕೆ ಮೆರುಗು ಕೊಡಬಲ್ಲದು, ಅಷ್ಟೆ. ಹುರಿಯದ ಹಿಟ್ಟಿನ ಮೇಲೆ ಎಷ್ಟು ಕೆನೆ ಸುರಿದರೂ ನಾಲಿಗೆಗೆ ಮೊದಲು ತಾಗುವುದು ಆ ಹಸಿ ವಾಸನೆಯೇ, ಗಂಟಲಲ್ಲಿ ಕೊನೆಯವರೆಗೆ ಉಳಿಯುವುದೂ ಅದೇ.

ಒಣ ಹಿಟ್ಟು ಕುದಿಯುವ ದ್ರವಕ್ಕೆ ಬಿದ್ದಾಗ ನಡೆಯುವುದೇನೆಂದು ಯೋಚಿಸಿ ನೋಡಿ. ಗೋಧಿಯ ಪಿಷ್ಟದ ಕಣಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗಾಗಲೇ ನೀರು ಹೀರಿ ಉಬ್ಬತೊಡಗಿರುತ್ತವೆ. ಇನ್ನು ಕುದಿಯುವ ದ್ರವದಲ್ಲಿ ಹಿಟ್ಟಿನ ಮುದ್ದೆಯ ಹೊರಪದರ ಕ್ಷಣಾರ್ಧದಲ್ಲಿ ಅಂಟಾಗಿ ಮುಚ್ಚಿಕೊಳ್ಳುತ್ತದೆ, ಒಳಗಿನ ಹಿಟ್ಟಿಗೆ ನೀರಿನ ಹನಿಯೂ ತಲುಪುವುದಿಲ್ಲ. ಗಂಟು ಎಂದರೆ ಅದೇ: ಹೊರಗೆ ಅಂಟು, ಒಳಗೆ ಒಣ ಹಿಟ್ಟು. ಮಿಕ್ಸಿ ಆ ಗಂಟನ್ನು ಒಡೆಯುತ್ತದೆ, ನಿಜ. ಆದರೆ ಹಿಟ್ಟನ್ನು ಹುರಿದಾಗ ಬರುವ ಪರಿಮಳವನ್ನು ಅದು ಎಲ್ಲಿಂದ ತರಬೇಕು? ಗಂಟು ಮಾಯವಾದರೆ ತಪ್ಪೂ ಮಾಯವಾಯಿತೆಂದು ತಿಳಿಯುವುದು ಕಸವನ್ನು ಚಾಪೆಯಡಿ ತಳ್ಳಿ ಮನೆ ಗುಡಿಸಿತೆಂದು ಹೇಳಿದಂತೆ.

ಇದರ ಪರಿಹಾರ ಯಾವ ಗುಟ್ಟೂ ಅಲ್ಲ, ಶತಮಾನಗಳಿಂದ ಬಲ್ಲವರು ಮಾಡುತ್ತಲೇ ಬಂದಿದ್ದಾರೆ. 30 ಗ್ರಾಂ ಬೆಣ್ಣೆ, ಅಷ್ಟೇ ತೂಕದ ಮೈದಾ, ಅರ್ಧ ಲೀಟರ್ ದ್ರವ. ದ್ರವ ಪೂರ್ತಿ ಸ್ಟಾಕ್ ಆಗಿರಬಹುದು, ಪೂರ್ತಿ ಹಾಲಾಗಿರಬಹುದು, ಅಥವಾ ನನ್ನಂತೆ ಮುಕ್ಕಾಲು ಪಾಲು ಸ್ಟಾಕ್, ಕಾಲು ಪಾಲು ಹಾಲು ಎಂದು ಇಟ್ಟುಕೊಳ್ಳಬಹುದು. ಅಳತೆಯನ್ನು ತೂಕದಲ್ಲೇ ಹೇಳುತ್ತಿರುವುದಕ್ಕೆ ಕಾರಣವಿದೆ: ಒಂದೇ ಚಮಚದಲ್ಲಿ ಅಳೆದರೆ ಬೆಣ್ಣೆ ಹಿಟ್ಟಿಗಿಂತ ಬಹಳ ಹೆಚ್ಚು ತೂಗುತ್ತದೆ, ಚಮಚ ತುಂಬಿಸುವ ಕೈ ಬದಲಾದರೆ ಹಿಟ್ಟಿನ ಪ್ರಮಾಣವೂ ಬದಲಾಗುತ್ತದೆ.

ದಪ್ಪ ತಳದ ಬಾಣಲೆಯಲ್ಲಿ, ಮಧ್ಯಮಕ್ಕಿಂತ ತುಸು ಕಡಿಮೆ ಉರಿಯಲ್ಲಿ ಬೆಣ್ಣೆ ಕರಗಬೇಕು. ಬೆಣ್ಣೆಯಲ್ಲಿ ಕೊಬ್ಬಿನ ಜೊತೆ ನೀರೂ ಇರುತ್ತದೆ. ಆ ನೀರು ಆವಿಯಾಗುವಾಗ ನೊರೆ ಏಳುತ್ತದೆ, ನೊರೆ ಅಡಗುತ್ತಾ ಬಂದಾಗ ಹಿಟ್ಟನ್ನು ಒಟ್ಟಿಗೇ ಸುರಿದು ಕದಡಬೇಕು. ಈಗ ಹಿಟ್ಟಿನ ಪ್ರತಿಯೊಂದು ಕಣದ ಮೇಲೂ ಕೊಬ್ಬಿನ ತೆಳು ಪದರವೊಂದು ಕೂರುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ದ್ರವದಲ್ಲಿ ಹರಡುವುದು ಈ ಪದರದ ದೆಸೆಯಿಂದಲೇ. ಒಂದೆರಡು ನಿಮಿಷ ಕೈಬಿಡದೆ ಹುರಿಯುತ್ತಿದ್ದರೆ ಹಸಿ ವಾಸನೆ ಹೋಗಿ, ಬಿಸ್ಕತ್ತು ಬೇಯುವಾಗ ಬರುವಂಥ ಪರಿಮಳ ಏಳುತ್ತದೆ. ಈ ಪರಿಮಳಕ್ಕಾಗಿ ಮೂಗು ಕಾಯಬೇಕೇ ಹೊರತು ಕಣ್ಣು ಗಡಿಯಾರದ ಮೇಲಿರಬಾರದು. ಇನ್ನೂ ಹುರಿದರೆ ಬಣ್ಣ ಹೊಂಬಣ್ಣಕ್ಕೂ, ಆಮೇಲೆ ಕಂದಿಗೂ ತಿರುಗುತ್ತದೆ, ರುಚಿ ಗಾಢವಾಗುತ್ತದೆ. ಆದರೆ ಕಂದಾದಷ್ಟೂ ಹಿಟ್ಟಿನ ಪಿಷ್ಟ ಒಡೆದು ಮಂದಗೊಳಿಸುವ ಶಕ್ತಿ ಕುಗ್ಗುತ್ತದೆ, ಆದ್ದರಿಂದ ಕಂದು ಗ್ರೇವಿಗೆ ಹಿಟ್ಟನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬೇಕು. ಇದನ್ನು ತಿಳಿಯದವರು ‘ನಿಮ್ಮ ಅಳತೆ ಸರಿಯಿಲ್ಲ’ ಎಂದು ನನ್ನನ್ನೇ ಬೈಯುತ್ತಾರೆ. ಬೈಯಲಿ.

ಮುಂದಿನದು ದ್ರವ ಸೇರಿಸುವ ಕೆಲಸ, ವಿಡಿಯೋದವರು ಎಲ್ಲಕ್ಕಿಂತ ಹೆಚ್ಚು ಅವಸರ ಮಾಡುವುದು ಇಲ್ಲಿಯೇ. ಮೊದಲು ಒಂದು ಸೌಟಿನಷ್ಟೇ ಹಾಕಿ ವಿಸ್ಕಿನಿಂದ, ಅಂದರೆ ತಂತಿಯ ಕಡೆಗೋಲಿನಿಂದ, ಚೆನ್ನಾಗಿ ತಿರುಗಿಸಿದಾಗ ಅದು ಗಟ್ಟಿ ಮುದ್ದೆಯಾಗಿ ನಿಂತು, ಎಲ್ಲ ಕೆಟ್ಟೇ ಹೋಯಿತೇನೋ ಎಂಬ ಭಯ ಹುಟ್ಟಿಸುತ್ತದೆ. ಹೆದರುವ ಅಗತ್ಯವಿಲ್ಲ. ಆ ಮುದ್ದೆ ನುಣ್ಣಗಾದ ಮೇಲೆ ಇನ್ನೊಂದು ಸೌಟು, ಅದು ಬೆರೆತ ಮೇಲೆ ಮತ್ತೊಂದು, ಹೀಗೆ ಅರ್ಧದಷ್ಟು ದ್ರವ ಒಳಗೆ ಹೋದ ನಂತರ ಉಳಿದದ್ದನ್ನು ಧಾರೆಯಾಗಿ ಸುರಿದರೂ ಗಂಟಿನ ಭಯವಿರುವುದಿಲ್ಲ. ಪೂರ್ತಿ ಮಂದವಾಗುವುದು ಕುದಿ ಸಮೀಪಿಸಿದಾಗಲೇ ಆದ್ದರಿಂದ, ನೀರಾಗಿದೆಯೆಂದು ಗಾಬರಿಗೊಂಡು ನಡುವೆಯೇ ಮತ್ತಷ್ಟು ಹಿಟ್ಟು ಉದುರಿಸಬಾರದು. ಮೆಲ್ಲಗೆ ಕುದಿ ಬಂದ ಮೇಲೆ ಇನ್ನೊಂದು ಐದಾರು ನಿಮಿಷ ಸಣ್ಣ ಉರಿಯಲ್ಲಿ ಬಿಟ್ಟರೆ ಅದು ಚಮಚದ ಬೆನ್ನಿಗೆ ಹೊದಿಕೆಯಂತೆ ಕೂರುತ್ತದೆ. ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೆಯೇ ನಿಲ್ಲಬೇಕು. ಹಾಂ, ಅದೇ ಬಾಣಲೆಯಲ್ಲಿ ಮೊದಲು ಈರುಳ್ಳಿ, ಅಣಬೆ ಅಥವಾ ಮಾಂಸ ಹುರಿದಿದ್ದರೆ ತಳಕ್ಕೆ ಹತ್ತಿಕೊಂಡ ಕಂದು ಚೂರುಗಳನ್ನು ದಯವಿಟ್ಟು ತೊಳೆಯಬೇಡಿ. ಅವು ಸೀದು ಕಪ್ಪಾಗಿಲ್ಲವಾದರೆ ಸ್ವಲ್ಪ ಸ್ಟಾಕ್ ಹಾಕಿ ಕೆರೆದು ತೆಗೆದಿಟ್ಟುಕೊಳ್ಳಿ. ಯಾವ ಪುಡಿಯ ಪೊಟ್ಟಣದಲ್ಲೂ ಸಿಗದ ರುಚಿ ಅದರಲ್ಲಿರುತ್ತದೆ, ಪಾತ್ರೆ ಸಿಂಕಿಗೆ ಹೋಗುವುದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

‘ಕೆಲಸ ಮುಗಿಸಿ ಸುಸ್ತಾಗಿ ಬಂದವರಿಗೆ ಇಷ್ಟೆಲ್ಲ ಎಲ್ಲಿ ಸಾಧ್ಯ?’ ಎಂದು ಯಾರಾದರೂ ಕೇಳುತ್ತಾರೆ, ಕೇಳಲೇಬೇಕು. ನಾನೂ ಕೆಲಸ ಮುಗಿಸಿ ಸುಸ್ತಾಗಿಯೇ ಬರುವವಳು. ಆರಂಭದಿಂದ ಕೊನೆಯವರೆಗೆ ಲೆಕ್ಕ ಹಾಕಿದರೂ ಇದು ಕಾಲು ಗಂಟೆಯ ಕೆಲಸ. ಆ ವಿಡಿಯೋದ ಐದು ನಿಮಿಷದಲ್ಲಿ ಮಿಕ್ಸಿಯ ಜಾರು, ಅದರ ಮುಚ್ಚಳ, ಬ್ಲೇಡಿನಡಿಯ ಅಂಟು ತೊಳೆಯುವ ಸಮಯ ಸೇರಿದೆಯೇ? ತೊಳೆಯುವವರು ಬೇರೆ ಯಾರೋ ಇದ್ದರೆ ಮಾತು ಬೇರೆ.

ಹೆಚ್ಚು ತೂಕದ ಆಕ್ಷೇಪ ಬೇರೊಂದಿದೆ. ಫ್ರಾನ್ಸಿನ ಪ್ರಸಿದ್ಧ ಬಾಣಸಿಗ ಎಸ್ಕೋಫಿಯೇ 1903ರಷ್ಟು ಹಿಂದೆಯೇ, ಮಂದಗೊಳಿಸುವುದು ಹಿಟ್ಟಿನಲ್ಲಿರುವ ಪಿಷ್ಟ ಮಾತ್ರವಾದ್ದರಿಂದ ಮುಂದೊಂದು ದಿನ ಶುದ್ಧ ಪಿಷ್ಟವೇ ಹುರಿದ ಹಿಟ್ಟಿನ ಜಾಗಕ್ಕೆ ಬರಬಹುದೆಂದು ವಾದಿಸಿದ್ದ. ಕಾರ್ನ್‌ಫ್ಲೋರ್ ಪಕ್ಷದವರು ಇದನ್ನು ಹಿಡಿದು ಕುಣಿಯಬಹುದು. ತಣ್ಣೀರಿನಲ್ಲಿ ಕದಡಿ ಹಾಕಿದರೆ ಮೈದಾದ ಅರ್ಧದಷ್ಟು ಕಾರ್ನ್‌ಫ್ಲೋರ್ ಸಾಕು, ಹುರಿಯುವ ಗೋಜಿಲ್ಲ, ಗೋಧಿ ಒಗ್ಗದವರಿಗೆ ಅದು ನಿಜಕ್ಕೂ ಉಪಕಾರಿ. ಒಪ್ಪಿದೆ. ಆದರೆ ಅದರಿಂದ ಹುಟ್ಟುವುದು ಹೊಳೆಯುವ, ಅರೆಪಾರದರ್ಶಕವಾದ, ಬೇರೆಯೇ ಜಾತಿಯ ಗ್ರೇವಿ. ಬಹಳ ಹೊತ್ತು ಕುದಿಸಿದರೆ ಅದು ಮತ್ತೆ ನೀರಾಗುತ್ತದೆ, ಹುರಿದ ಹಿಟ್ಟಿನ ಪರಿಮಳವಂತೂ ಅದರಲ್ಲಿ ಇಲ್ಲವೇ ಇಲ್ಲ. ಆ ಮಹಾಶಯನ ಭವಿಷ್ಯವಾಣಿಗೆ 100 ವರ್ಷ ದಾಟಿದ ಮೇಲೂ ನನ್ನ ಒಲೆಯ ಮೇಲೆ ಬೆಣ್ಣೆಯೇ ಕರಗುತ್ತಿದೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಕೆನೆಯ ವೈರಿಯೆಂದು ತಿಳಿಯಬೇಡಿ. ಒಲೆ ಆರಿಸುವ ಮುನ್ನ ಎರಡು ಚಮಚ ದಪ್ಪ ಕೆನೆ ನಾನೂ ಹಾಕುತ್ತೇನೆ. ಕೊಬ್ಬು ಹೆಚ್ಚಿರುವ ಕೆನೆ ಬಿಸಿಗೆ ಸುಲಭವಾಗಿ ಒಡೆಯುವುದಿಲ್ಲ. ತೆಳು ಹಾಲನ್ನು ಹುಳಿಯಿರುವ ಗ್ರೇವಿಗೆ ಹಾಕಿ ಕುದಿಸಿದರೆ ಮಾತ್ರ ಅದು ಒಡೆದು ಮರಳು ಮರಳಾಗುತ್ತದೆ. ಉಪ್ಪನ್ನೂ ಕೊನೆಗೇ ನೋಡಿ ಹಾಕುವುದು ಲೇಸು, ಏಕೆಂದರೆ ಕುದಿದು ಇಂಗಿದಷ್ಟೂ ಸ್ಟಾಕಿನಲ್ಲಿರುವ ಉಪ್ಪು ಮುಂದೆ ಬರುತ್ತದೆ. ಇನ್ನೊಂದು ಗುಟ್ಟನ್ನು ಹೇಳಿಬಿಡುತ್ತೇನೆ, ಮನೆಯವರಿಗೆ ತಿಳಿಸಬೇಡಿ: ಯಾರೂ ಇಲ್ಲದ ಹೊತ್ತಿನಲ್ಲಿ ನಾನು ಇದನ್ನು ಯಾವುದರ ಜೊತೆಗೂ ಅಲ್ಲ, ಒಲೆಯ ಮುಂದೆ ನಿಂತುಕೊಂಡೇ ಚಮಚದಿಂದ ತಿನ್ನುತ್ತೇನೆ. ಬಡಿಸುವ ಹೊತ್ತಿಗೆ ಪಾತ್ರೆಯಲ್ಲಿ ಮೊದಲಿದ್ದಷ್ಟು ಇರುವುದಿಲ್ಲ. ಇಂಗಿತೆಂದು ಹೇಳುತ್ತೇನೆ.

ಉಳಿದ ಗ್ರೇವಿಯ ಬಗ್ಗೆ ಕೇಳಿದವರಿಗೆ: ಫ್ರಿಜ್ಜಿನಲ್ಲಿಟ್ಟರೆ ಅದು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಪಿಷ್ಟ ತಣಿದಾಗ ಹಾಗಾಗುವುದು ಸಹಜ, ಕೆಟ್ಟಿತೆಂದು ಚೆಲ್ಲಬೇಡಿ. ಸಣ್ಣ ಉರಿಯಲ್ಲಿಟ್ಟು, ಸ್ವಲ್ಪ ಹಾಲು ಅಥವಾ ಸ್ಟಾಕ್ ಸೇರಿಸಿ ವಿಸ್ಕಿನಿಂದ ತಿರುಗಿಸುತ್ತಿದ್ದರೆ ಮತ್ತೆ ಸಡಿಲವಾಗಿ ಮೊದಲಿನ ಹದಕ್ಕೆ ಬರುತ್ತದೆ. ಮಿಕ್ಸಿಯನ್ನು ಈ ಹಂತದಲ್ಲೂ ಮುಟ್ಟುವ ಅಗತ್ಯವಿಲ್ಲ.