ಆಲಿಕೆ ಸಭೆಯಲ್ಲಿ ಕಿವಿಗೆ ರಜೆ

ಸರ್ಕಾರಕ್ಕೆ ಕಿವಿಯಿಲ್ಲ ಎಂದು ದೂರುವವರು ಒಮ್ಮೆ ಪರಿಸರ ಸಾರ್ವಜನಿಕ ಆಲಿಕೆ ಸಭೆಗೆ ಹೋಗಿ ಬರಬೇಕು. ಕಿವಿ ಇದೆ, ಅದಕ್ಕೊಂದು ಅಧಿಸೂಚನೆಯೂ ಇದೆ. 2006ರ ಸೆಪ್ಟೆಂಬರ್ 14ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅದರ ಪ್ರಕಾರ, ದೊಡ್ಡ ಗಣಿಯೋ ಕಾರ್ಖಾನೆಯೋ ಬರುವ ಮುನ್ನ ಸುತ್ತಲಿನ ಜನರ ಮಾತು ಕೇಳಬೇಕು. 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಪತ್ರಿಕೆ ತಲುಪದ ಊರಿನಲ್ಲಿ ಡಂಗುರ ಸಾರಿಸಬೇಕು. ಇಡೀ ಸಭೆಯನ್ನು ವಿಡಿಯೊ ಮಾಡಿಸಬೇಕು. ಆದರೆ ಸಭೆ ಶುರುವಾಗಲು ಇಂತಿಷ್ಟು ಜನ ಇರಲೇಬೇಕೆಂದೇನಿಲ್ಲ, ಕೋರಂ ಅಗತ್ಯವಿಲ್ಲ ಎಂದು ಅದರಲ್ಲೇ ಬರೆದಿದೆ. ಕ್ಯಾಮೆರಾದವನು ತಪ್ಪಿಸಿಕೊಳ್ಳುವಂತಿಲ್ಲ, ಊರಿನವರು ಬಂದರೆ ಸಂತೋಷ.

ಬಂದವರಿಗೆ ಕಾಣುವುದು ಇಷ್ಟು: ಶಾಮಿಯಾನ, ವೇದಿಕೆ, ಬೆನ್ನಿಗೆ ಬಿಳಿ ಟವೆಲ್ ಹೊದ್ದ ಕುರ್ಚಿಗಳು, ಸಾಲಾಗಿ ನಿಂತ ನೀರಿನ ಬಾಟಲಿಗಳು. ಪ್ರಾರ್ಥನೆ, ಸ್ವಾಗತ, ಹೂಗುಚ್ಛ, ಪ್ರಾಸ್ತಾವಿಕ ನುಡಿ. ಕೇಳಲೆಂದೇ ಬಂದವರು ಬಿಸಿಲು ನೆತ್ತಿಗೇರುವವರೆಗೆ ತಾವೇ ಮಾತನಾಡುತ್ತಾರೆ. ಬಳಿಕ ಕಂಪನಿಯ ಸಲಹೆಗಾರರು ಪರದೆಯ ಮೇಲೆ ನಕ್ಷೆ ಬೆಳಗಿಸಿ, ಅಂತರ್ಜಲದ ಮೇಲೆ ಗಣನೀಯ ಪರಿಣಾಮವಿಲ್ಲ ಎಂದು ಊರಿನ ನೀರಿನ ಸಂಗತಿಯನ್ನು ಊರಿನವರಿಗೇ ತಿಳಿಸಿಕೊಡುತ್ತಾರೆ. ಕೊನೆಗೊಮ್ಮೆ ಮೈಕು ಕೆಳಗಿಳಿಯುತ್ತದೆ.

“ಸ್ವಾಮಿ, ನೀವು ಹಳ್ಳ ಎಂದು ತೋರಿಸಿದ್ದು ನಮ್ಮ ಗಾಡಿದಾರಿ. ಹಳ್ಳ ಇರುವುದು ಈಚೆ ಕಡೆ, ನೀವು ಗುಂಡಿ ತೋಡುತ್ತೇವೆ ಎಂದ ಜಾಗದಲ್ಲಿ.”

“ಅಜ್ಜಾ, ವಿಷಯಕ್ಕೆ ಬನ್ನಿ. ಎರಡು ನಿಮಿಷ ಮುಗಿಯಿತು.”

ಅಜ್ಜ ಕುಳಿತುಕೊಳ್ಳುತ್ತಾನೆ. ವಿಷಯಕ್ಕೆ ಬರುವುದು ಹೇಗೆಂದು ಅವನಿಗೆ ಯಾರೂ ಕಲಿಸಿಲ್ಲ. ಅವನಿಗೆ ಗೊತ್ತಿರುವುದು ಹಳ್ಳ ಮಾತ್ರ.

ವರದಿ ಬರೆಯುವವರಿಗೆ ಏನು ಗೊತ್ತು ಎಂದು ಮಾತ್ರ ಕೇಳಬೇಡಿ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ಪರಿಸರ ವರದಿಯಲ್ಲಿ ಸ್ಪ್ರೂಸ್, ಬರ್ಚ್ ಮರಗಳ ಕಾಡು ಬೆಳೆದು ನಿಂತಿತ್ತು. ರಷ್ಯಾದ ಗಣಿಯೊಂದರ ವರದಿಯಿಂದ ಎತ್ತಿದ ಸಾಲುಗಳು! ಹಿಮದ ನಾಡಿನ ಮರ ಕೊಂಕಣದ ಸೆಕೆಯಲ್ಲಿ ಚಿಗುರಿದ ಈ ಪವಾಡವನ್ನು ತಜ್ಞರು ಬರೆದರು. ಮಾವು, ಗೋಡಂಬಿ ಬೆಳೆಯುವ ಅಲ್ಲಿಯ ರೈತನೊಬ್ಬನಿಗೆ ಆ ಪುಟ ಓದಿ ಹೇಳಿದ್ದರೆ ಅರ್ಧ ನಿಮಿಷದ ಕೆಲಸವಿತ್ತು. ಆದರೆ ಅವನ ಬಳಿ ಪದವಿ ಪ್ರಮಾಣಪತ್ರ ಇರಬೇಕಲ್ಲ.

2020ರಲ್ಲಿ ಈ ಅಧಿಸೂಚನೆಗೇ ಹೊಸ ಕರಡು ಬಂತು. ಜನರಿಗೆ ಕೊಡುವ 30 ದಿನವನ್ನು 20ಕ್ಕೆ ಇಳಿಸೋಣ ಎಂಬ ಸಲಹೆ ಅದರಲ್ಲಿತ್ತು. ಅದರ ಬಗ್ಗೆಯೂ ಜನಾಭಿಪ್ರಾಯ ಕೇಳಿದರು, ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತು. ಕೇಂದ್ರ ಸರ್ಕಾರ ಅನುವಾದಕರನ್ನು ಹುಡುಕುವ ಬದಲು ವಕೀಲರನ್ನು ಹಿಡಿದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬಂದುಬಿಟ್ಟೀತು ಎಂಬ ಭಯ ಸಹಜವೇ.

ನಿಜವಾಗಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಒಡಿಶಾದ ನಿಯಮಗಿರಿ ಬೆಟ್ಟದ 12 ಹಳ್ಳಿಗಳಲ್ಲಿ ಗ್ರಾಮಸಭೆ ನಡೆಸಿ ಬಾಕ್ಸೈಟ್ ಗಣಿಗಾರಿಕೆ ಬೇಕೇ ಎಂದು ಕೇಳಲಾಯಿತು. 12ಕ್ಕೆ 12ರಲ್ಲೂ ಬೇಡ ಎಂದರು. ಇಂಥ ಅನಾಹುತ ಪದೇ ಪದೇ ಆಗಬಾರದೆಂದರೆ ಎರಡು ನಿಮಿಷದ ಗಂಟೆ ಬೇಕೇ ಬೇಕು.

ನಿಯಮ ಪಾಲನೆಯಲ್ಲಂತೂ ಲೋಪ ಹುಡುಕಲಾಗದು. ಸಭೆಯ ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಓದುತ್ತಾರೆ: “ಹಳ್ಳದ ಕುರಿತು ಸಾರ್ವಜನಿಕರೊಬ್ಬರು ಪ್ರಸ್ತಾಪಿಸಿದ್ದು, ಸಂಸ್ಥೆಯ ವತಿಯಿಂದ ಸೂಕ್ತ ಸ್ಪಷ್ಟನೆ ನೀಡಲಾಯಿತು.” ಅಷ್ಟರಲ್ಲಿ ಊರಿಗೆ ಹೋಗುವ ಕೊನೆಯ ಬಸ್ಸು ಹೊರಟಿರುತ್ತದೆ. ಕೂತು ಪೂರ್ತಿ ಕೇಳಿಸಿಕೊಳ್ಳುವವನು ಶಾಮಿಯಾನದ ಹುಡುಗನೊಬ್ಬನೇ. ಅವನಾದರೂ ಏನು ಮಾಡಿಯಾನು, ಸಾಹೇಬರು ಏಳದೆ ಕುರ್ಚಿ ಲೆಕ್ಕ ಮುಗಿಯುವುದಿಲ್ಲ.