ಹಾವಸೆ ತಿಕ್ಕಿ ಹಸಿರು ಬಳಿದರು

ಶಿವಮೊಗ್ಗ ಜಿಲ್ಲೆಯ ನಮ್ಮೂರ ರಂಗಮಂದಿರ ಈಗ ಹಸಿರಾಗಿದೆ. ಮೊದಲೂ ಹಸಿರೇ ಇತ್ತು ಅನ್ನಿ. ನಾಲ್ಕು ಮಳೆಗಾಲ ಕಂಡ ಯಾವ ಗೋಡೆ ತಾನೇ ಮಲೆನಾಡಿನಲ್ಲಿ ಬೆಳ್ಳಗೆ ಉಳಿದೀತು? ಆ ಪುಕ್ಕಟೆ ಹಾವಸೆಯನ್ನು ಕೂಲಿ ಕೊಟ್ಟು ತಿಕ್ಕಿಸಿ, ಅದೇ ಬಣ್ಣದ ಪೇಂಟ್ ಹೊಡೆಸಿದರು. 'ಪರಿಸರಸ್ನೇಹಿ ರಂಗಮಂದಿರ' ಅಂತ ಗೇಟಿಗೆ ಫ್ಲೆಕ್ಸ್ ಕಟ್ಟಿದರು. ರಾಜ್ಯ ಸರ್ಕಾರ ಫ್ಲೆಕ್ಸ್ ನಿಷೇಧಿಸಿದ್ದು 2016ರಲ್ಲಿ. ಆ ಸುದ್ದಿ ಇನ್ನೂ ಘಾಟಿ ಹತ್ತುತ್ತಾ ಇರಬೇಕು.

ಕೆಲಸ ಶುರುವಾಗಿದ್ದು ಸೋಲಾರಿನಿಂದ. ಪ್ಯಾನೆಲ್ ಮೇಲೆ ನೆರಳು ಬೀಳಬಾರದಲ್ವಾ? ಪಶ್ಚಿಮದ ಗೋಡೆಗೆ ಒತ್ತಿಕೊಂಡಿದ್ದ ಎರಡು ಹಲಸಿನ ಮರ ಅಡ್ಡ ಬಂದವು, ಕಡಿದರು. ಮರ ಹೋದದ್ದೇ ತಡ, ಮಾರ್ಚ್ ಬಿಸಿಲಿಗೆ ಗೋಡೆ ದೋಸೆ ಕಾವಲಿಯಾಯ್ತು. ಅದಕ್ಕೇ ಏಸಿ ಹಾಕಿಸಿದರು. ಏಸಿ ಬಂದ ಮೇಲೆ ಕಿಟಕಿ ಯಾಕೆ ಅಂತ ಇಟ್ಟಿಗೆ ಇಟ್ಟು ಮುಚ್ಚಿದರು. ಕಿಟಕಿ ಇಲ್ಲದ ಮೇಲೆ ಜುಲೈನ ಜಡಿಮಳೆಯಲ್ಲೂ ಏಸಿ ಹಾಕಲೇಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಹೊರಗೆ ಕಂಬಳಿಕೊಪ್ಪೆ, ಒಳಗೆ ಸ್ವೆಟರ್. ಜುಲೈನಲ್ಲಿ ಸೂರ್ಯನ ಮುಖ ನೋಡಿದವರು ಯಾರು? ಸೋಲಾರ್ ಸುಮ್ನೆ ನೆನೆಯುತ್ತಾ ಕೂತಿತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ, ಎಷ್ಟೋ ಊರು ಮುಳುಗಿಸಿ ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆ ನಮ್ಮದು. ನಾಲ್ಕು ಹನಿ ಬಿದ್ದರೆ ಕರೆಂಟು ಹೋಗುವುದೂ ನಮ್ಮಲ್ಲೇ. ಹಾಗಾಗಿ ಡೀಸೆಲ್ ಜನರೇಟರ್ ಬಂತು. ಅದಕ್ಕೂ ಹಸಿರು ಬಣ್ಣವೇ.

ಅದನ್ನು ಇಟ್ಟಿದ್ದು ಗ್ರೀನ್ ರೂಮಿನ ಬೆನ್ನಿಗೆ. ಇಡೀ ಕಟ್ಟಡದಲ್ಲಿ ಹೆಸರಿಗಾದರೂ ಮೊದಲಿಂದ ಗ್ರೀನ್ ಆಗಿದ್ದದ್ದು ಅದೊಂದೇ ಕೋಣೆ. ಕಳೆದ ಮಳೆಗಾಲದ ಪ್ರದರ್ಶನದ ದಿನ ಅಲ್ಲಿ ಹೊಗೆ ತುಂಬಿ, ನಮ್ಮ ಭೀಮ ಸೀನಿದ ರಭಸಕ್ಕೆ ಅಂಟಿಸಿದ ಮೀಸೆ ಹಾರಿ ದ್ರೌಪದಿಯ ಟೀ ಲೋಟಕ್ಕೆ ಬಿತ್ತು. ಅವಳು ನೋಡದೆ ಒಂದು ಗುಟುಕು ಕುಡಿದೂ ಬಿಟ್ಟಳು.

ನಾನು ಬೆಳಕಿನವನು. ಮ್ಯಾನೇಜರ್ ಹತ್ತಿರ ಹೋಗಿ, "ಸರ್, ಸ್ಟೇಜ್ ಮೇಲೆ ಇನ್ನೂ ಸಾವಿರ ವಾಟಿನ ಹಾಲೊಜೆನ್ ಇದಾವೆ. ಇಪ್ಪತ್ತು ಉರಿದರೆ ಗಂಟೆಗೆ 20 ಯೂನಿಟ್. ಎಲ್‌ಇಡಿ ಹಾಕಿಸಿ, ಏಸಿ ಮೇಲಿನ ಭಾರವೂ ಇಳಿಯುತ್ತೆ" ಅಂದೆ.

"ಎಲ್‌ಇಡಿ ಹಾಕ್ಸಿದೀವಲ್ಲ ಮಾರಾಯ್ರೆ," ಅಂದರು. "ಗೇಟಿಗೆ."

ಉದ್ಘಾಟನೆಗೆ ಬಂದ ಆರು ಗಣ್ಯರಿಗೂ ಹಾರದ ಬದಲು ಹಲಸಿನ ಸಸಿ ಕೊಟ್ಟರು, ಒಂದೊಂದಕ್ಕೂ ಮಿರಮಿರ ಮಿಂಚುವ ಪ್ಲಾಸ್ಟಿಕ್ ಸುತ್ತಿ. ಕಡಿದಿದ್ದು ಎರಡು, ಕೊಟ್ಟಿದ್ದು ಆರು, ಲೆಕ್ಕದಲ್ಲಿ ನಾಲ್ಕು ಮರ ಲಾಭ. ಫೋಟೊ ಮುಗಿದ ಮೇಲೆ ಆರೂ ಸಸಿ ಸೈಡ್ ವಿಂಗಿನಲ್ಲೇ ಉಳಿದವು. ಈಗ ಅಲ್ಲಿ ಕಡ್ಡಿ ಇವೆ.

ಆಮೇಲೆ ಕಲಾವಿದರಿಗೆ ಒಂದು ತರಬೇತಿ. ಬೆಂಗಳೂರಿನಿಂದ ಕಾರಿನಲ್ಲಿ ಬಂದ ತಜ್ಞರು, ಹಳೆ ಸೆಟ್ಟನ್ನೇ ಮತ್ತೆ ಬಳಸಬೇಕು ಅಂದರು. ಅದಕ್ಕೆ ಸರ್ಕ್ಯುಲರ್ ಎಕಾನಮಿ ಅಂತಾರಂತೆ. ನಾವು ಇಷ್ಟು ದಿನ ಬಡತನ ಅಂದುಕೊಂಡಿದ್ದೆವು. ನಮ್ಮ ತಂಡದಲ್ಲಿ ಇರುವುದು ಒಂದೇ ಕುರ್ಚಿ. ಅದು ದುರ್ಯೋಧನನ ಸಿಂಹಾಸನ, ಠಾಣೆಯ ಇನ್ಸ್‌ಪೆಕ್ಟರ್ ಕುರ್ಚಿ, ಕ್ಷೌರದ ಅಂಗಡಿಯ ಕುರ್ಚಿಯೂ ಹೌದು. ಪಕ್ಕದ ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ಸೆಟ್ಟು, ದೀಪ, ನಟರನ್ನೆಲ್ಲ ಹೇರಿಕೊಂಡು ಊರೂರು ಸುತ್ತುತ್ತಿದೆ. ಅಲ್ಲಿಗೊಮ್ಮೆ ಹೋಗಿ ನೋಡಿಕೊಂಡು ಬನ್ನಿ ಅನ್ನೋಣ ಅಂದರೆ ತಜ್ಞರು ಜೋಗಕ್ಕೆ ಹೊರಟಾಗಿತ್ತು.

ಇಷ್ಟಕ್ಕೆಲ್ಲ ದುಡ್ಡು ಬೇಕಲ್ಲ? ಬಾಡಿಗೆ ಜೊತೆಗೆ 'ಹಸಿರು ಶುಲ್ಕ' ಸೇರಿತು, ಡೀಸೆಲ್ ಬೇರೆ. ನಮ್ಮ ಕೈಲಿ ಆಗಲಿಲ್ಲ. ಕೊಯ್ಲು ಮುಗಿದ ಮೇಲೆ ಗೆಳೆಯನ ಮನೆಯ ಅಡಿಕೆ ಅಂಗಳದಲ್ಲಿ, ಚಪ್ಪರದ ಕೆಳಗೆ, ಸಂಜೆ ನಾಲ್ಕಕ್ಕೇ ನಾಟಕ ಆಡಿದೆವು. ಬಂದವರಿಗೆ ಹಾಳೆ ತಟ್ಟೆಯಲ್ಲಿ ಅವಲಕ್ಕಿ. ಮ್ಯಾನೇಜರೂ ಬಂದಿದ್ದರು. ಬೈಯುತ್ತಾರೇನೋ ಅಂತ ಹೆದರಿದ್ದೆ. ಅವರು ಎರಡೂ ಕೈ ಹಿಡಿದುಕೊಂಡರು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮಾರಾಯ್ರೆ. ಯಾವ ತಂಡವೂ ಬರದೆ ಈ ತಿಂಗಳು ಕರೆಂಟು ಉಳೀತು, ಡೀಸೆಲ್ಲೂ ಉಳೀತು. ವರದಿ ಕಳಿಸಿದೀನಿ, ಪ್ರಶಸ್ತಿ ಬರೋ ಹಾಗಿದೆ. ಮುಂದಿನ ತಿಂಗಳೂ ಹೀಗೇ ಸಹಕಾರ ಕೊಡಿ."