ಟಾಪ್ 30ರ ಪಂಚಾಂಗ

ಮಿಸ್ ಯೂನಿವರ್ಸ್ ಗೆದ್ದವಳ ತಲೆ ಮೇಲೆ ಕಿರೀಟ ಇನ್ನೂ ಸರಿಯಾಗಿ ಕೂತಿರುವುದಿಲ್ಲ. ಹಳೇ ರಾಣಿ ಅದನ್ನು ಕೂದಲಿಗೆ ಸಿಕ್ಕಿಸಲು ಹೆಣಗುತ್ತಿರುತ್ತಾಳೆ. ಅಷ್ಟರಲ್ಲಿ ಅಭಿಮಾನಿ ಪಂಡಿತರು ಊಹಿಸಿದ ಮುಂದಿನ ವರ್ಷದ ಫೈನಲಿಸ್ಟ್‌ಗಳ ಪಟ್ಟಿ ಹೊರಬಿದ್ದಿರುತ್ತದೆ. ಎಷ್ಟೋ ದೇಶಗಳು ತಮ್ಮ ಹುಡುಗಿಯನ್ನು ಇನ್ನೂ ಆರಿಸಿಯೇ ಇಲ್ಲ. ಆದರೂ ಪಟ್ಟಿಯಲ್ಲಿ ಫಿಲಿಪ್ಪೀನ್ಸ್‌ಗೆ ಎರಡನೇ ಸ್ಥಾನ, ವೆನೆಜುವೆಲಾಗೆ ನಾಲ್ಕು. ಥಾಯ್ಲೆಂಡ್ ‘ಯಾಕೋ ಸ್ವಲ್ಪ ಇಳಿಮುಖ’. ಇಳಿದದ್ದು ಯಾರು? ಆ ಹುಡುಗಿ ತಾನು ಸ್ಪರ್ಧೆಗೆ ಹೋಗಬೇಕೋ ಬೇಡವೋ ಅಂತ ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿರಲಿಕ್ಕಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೇವೆ. ಇಲ್ಲಿ ಕೂಸಿಗೆ ರ‍್ಯಾಂಕ್ ಕೊಟ್ಟು, ಆ ರ‍್ಯಾಂಕ್ ಕುಸಿದಿದ್ದಕ್ಕೆ ಬೇಜಾರೂ ಮಾಡಿಕೊಂಡಾಗಿದೆ.

ಹೀಗೆ ಭವಿಷ್ಯ ಹೇಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಎಲ್ಲರ ಮಾತೂ ಶುರುವಾಗುವುದು ಒಂದೇ ಥರ: ‘ಯಾವ ಪಕ್ಷಪಾತವೂ ಇಲ್ಲದೆ ಹೇಳುವುದಾದರೆ’. ಹಾಗೆ ಹೇಳಿ, ತಮ್ಮ ದೇಶವನ್ನು ಟಾಪ್ 5ರಲ್ಲಿ ಕೂರಿಸುತ್ತಾರೆ. ನೂರಕ್ಕೂ ಹೆಚ್ಚು ದೇಶದವರು ಪಕ್ಷಪಾತವಿಲ್ಲದೆ ಹೇಳಿದ್ದನ್ನು ಒಟ್ಟು ಸೇರಿಸಿದರೆ ಟಾಪ್ 5ರಲ್ಲಿ ನೂರಕ್ಕೂ ಹೆಚ್ಚು ಹುಡುಗಿಯರು. ಇಷ್ಟು ಉದಾರವಾದ ಸ್ಪರ್ಧೆ ಬೇರೆ ಎಲ್ಲಿದೆ ಹೇಳಿ.

ಇವರ ಮೊದಲ ಸೂತ್ರ: ಹುಡುಗಿಯನ್ನು ನೋಡಬೇಡಿ, ಅವಳ ಹೆಗಲ ಮೇಲಿನ ದೇಶದ ಹೆಸರಿನ ಪಟ್ಟಿ, ಅಂದರೆ ಸ್ಯಾಶ್ ನೋಡಿ. ಅಮೆರಿಕ 9 ಸಲ ಗೆದ್ದಿದೆ, ವೆನೆಜುವೆಲಾ 7 ಸಲ. ವೆನೆಜುವೆಲಾ ಅಂತೂ 2008ರಲ್ಲಿ ಗೆದ್ದು 2009ರಲ್ಲಿ ಮತ್ತೆ ಗೆದ್ದಿತು. ಕಿರೀಟ ತೊಡಿಸಿದವಳೂ ಅವರ ಊರಿನವಳೇ, ತೊಟ್ಟವಳೂ ಅವರ ಊರಿನವಳೇ. ಹಾಗಾಗಿ ಆ ಸ್ಯಾಶನ್ನು ಒಂದು ಕುರ್ಚಿಗೆ ಹೊದಿಸಿ ನಿಲ್ಲಿಸಿದರೂ ಪಂಡಿತರು ಟಾಪ್ 10 ಕೊಡುತ್ತಾರೆ. ಕುರ್ಚಿಯ ಕಾಲು ಉದ್ದವಾಗಿದ್ದರೆ ಟಾಪ್ 5.

ಸೂತ್ರ ಚೆನ್ನಾಗಿಯೇ ಇದೆ. ಸ್ಪರ್ಧೆಗೆ ಮಾತ್ರ ಅದು ಗೊತ್ತಿಲ್ಲ. 1999ರಲ್ಲಿ ಬೋಟ್ಸ್‌ವಾನಾ ಮೊಟ್ಟಮೊದಲ ಸಲ ಒಬ್ಬ ಹುಡುಗಿಯನ್ನು ಕಳಿಸಿತು. ಆಕೆ, ಎಂಪುಲೆ ಕ್ವೆಲಗೊಬೆ, ಕಿರೀಟ ಹೊತ್ತುಕೊಂಡೇ ಮನೆಗೆ ಹೋದಳು. 2023ರಲ್ಲಿ ನಿಕರಾಗುವಾ ಮೊದಲ ಸಲ ಗೆದ್ದಿತು, 2024ರಲ್ಲಿ ಡೆನ್ಮಾರ್ಕ್ ಮೊದಲ ಸಲ. ಇನ್ನು ಫಿಲಿಪ್ಪೀನ್ಸ್. 2010ರಿಂದ ಸತತವಾಗಿ 12 ಸ್ಪರ್ಧೆಗಳಲ್ಲಿ ಸೆಮಿಫೈನಲ್ ತಲುಪಿತ್ತು. ಅದಿಲ್ಲದ ಪಟ್ಟಿ ಬರೆದರೆ ಪಂಡಿತ ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. 2022ರ ಸ್ಪರ್ಧೆ 2023ರ ಜನವರಿಯಲ್ಲಿ ನಡೆಯಿತು. ಒಂದೊಂದೇ ದೇಶದ ಹೆಸರು ಕೂಗಿದರು, ಕೂಗುವುದು ಮುಗಿಯಿತು, ಫಿಲಿಪ್ಪೀನ್ಸ್ ಬರಲೇ ಇಲ್ಲ.

ಎರಡನೇ ಸೂತ್ರ ನಡಿಗೆಯದು. 2018ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್‌ನ ಕ್ಯಾಟ್ರಿಯೋನಾ ಗ್ರೇ ಈಜುಡುಗೆಯಲ್ಲಿ ಬಂದು, ನಡುವೆ ನಿಧಾನಕ್ಕೆ ಒಂದು ಸುತ್ತು ತಿರುಗಿದಳು. ‘ಲಾವಾ ವಾಕ್’ ಅಂತ ಅದಕ್ಕೆ ಹೆಸರಾಯಿತು, ಕಿರೀಟವೂ ಬಂತು. ಅವತ್ತಿನಿಂದ ಪಂಡಿತರು ವಿಡಿಯೋ ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ನಿಲ್ಲಿಸಿ, ಯಾರ ಸೊಂಟ ಎಷ್ಟು ತಿರುಗಿತು ಅಂತ ಅಳೆಯುತ್ತಿದ್ದಾರೆ. ಎಡಗಾಲು ಸ್ವಲ್ಪ ಭಾರ ಅಂತ ಒಬ್ಬರು ಬರೆಯುತ್ತಾರೆ. ಭಾರ ಕಾಲಿನದ್ದಲ್ಲ, ಗೌನಿನದ್ದು ಅಂತ ಇನ್ನೊಬ್ಬರು. ಇದನ್ನೆಲ್ಲ ಬರೆಯುವವರು ಹಾಸಿಗೆಯಿಂದ ಎದ್ದು ಚಾರ್ಜರ್ ತನಕ ಹೇಗೆ ನಡೆಯುತ್ತಾರೆ ಅನ್ನುವುದು ಬೇರೆ ವಿಷಯ.

ಆದರೆ 2021ಕ್ಕೆ ಯಾವ ಸೂತ್ರ ಹಾಕುತ್ತೀರಿ? ಹರ್ನಾಜ್ ಸಂಧು ಟಾಪ್ 16ಕ್ಕೆ ಬಂದಾಗ ನಿರೂಪಕ ಸ್ಟೀವ್ ಹಾರ್ವೆ ಆಕೆಯ ಓದು ಕೇಳಲಿಲ್ಲ, ಕನಸು ಕೇಳಲಿಲ್ಲ. ಪ್ರಾಣಿಗಳ ದನಿ ಚೆನ್ನಾಗಿ ಮಾಡ್ತೀರಂತಲ್ಲ, ಒಂದು ಮಾಡಿ ಅಂದ. ಆಕೆ ಇಡೀ ಜಗತ್ತಿನ ಎದುರು ‘ಮಿಯಾಂವ್’ ಅಂದಳು. ಗೆದ್ದೂಬಿಟ್ಟಳು. ತಿಂಗಳುಗಟ್ಟಲೆ ಎತ್ತರ, ಬಣ್ಣ, ಭಾಷಣ ಅಂತೆಲ್ಲ ಅಂಕ ಕೊಟ್ಟವರು ಬೆಕ್ಕಿಗೆ ಒಂದು ಅಂಕವನ್ನೂ ಇಟ್ಟಿರಲಿಲ್ಲ.

ಇನ್ನು ಪಟ್ಟಿಯನ್ನು ಹತ್ತಿರದಿಂದ ನೋಡಿ, ಅದೇ ಒಂದು ಕಲೆ. ಮೇಲೆ ದಪ್ಪ ಅಕ್ಷರದಲ್ಲಿ 30 ಹೆಸರು. ಕೆಳಗೆ ‘ಕೂದಲೆಳೆಯಲ್ಲಿ ತಪ್ಪಿದವರು’ 20. ಅದರ ಕೆಳಗೆ ‘ಅಚ್ಚರಿ ಮೂಡಿಸಬಹುದಾದವರು’ 25. ಬಿಟ್ಟುಹೋದ ದೇಶದ ಅಭಿಮಾನಿಗಳು ಬೈದ ಮೇಲೆ ‘ಕಡೆಗಣಿಸುವ ಹಾಗಿಲ್ಲ’ ಅಂತ ಇನ್ನೊಂದಿಷ್ಟು. ಫೈನಲ್ ಮುಗಿದ ಮೇಲೆ ಲೆಕ್ಕ ಹಾಕಿ, ‘30ಕ್ಕೆ 27 ಸರಿ’ ಅಂತ ಘೋಷಣೆ. ಆ ಉಳಿದ ಮೂರು ಹೇಗೆ ತಪ್ಪಿತು ಅನ್ನುವುದೇ ನನಗೆ ಆಶ್ಚರ್ಯ.

ಆಯೋಜಕರೂ ಪಾಪ, ಕೈಲಾದ ಸಹಾಯ ಮಾಡುತ್ತಿದ್ದಾರೆ. 1994ರಲ್ಲಿ ಸುಶ್ಮಿತಾ ಸೇನ್ ಗೆದ್ದಾಗ ಸೆಮಿಫೈನಲ್‌ಗೆ ಕರೆದದ್ದು 10 ಜನರನ್ನು. 2018ರಲ್ಲಿ 20 ಆಯಿತು, 2024ರಲ್ಲಿ 30. ಮಿಸ್ ವರ್ಲ್ಡ್‌ನವರು ಇನ್ನೂ ಧಾರಾಳಿಗಳು. 2025ರಲ್ಲಿ 108 ಜನರಲ್ಲಿ 40 ಜನರನ್ನು ಮುಂದಕ್ಕೆ ಬಿಟ್ಟರು, ಖಂಡಗಳನ್ನು ನಾಲ್ಕು ಗುಂಪು ಮಾಡಿ ಗುಂಪಿಗೆ ಹತ್ತರಂತೆ. ಕಣ್ಣು ಮುಚ್ಚಿ ಹತ್ತು ಹೆಸರಿನ ಮೇಲೆ ಬೆರಳಿಟ್ಟರೂ ಮೂರ್ನಾಲ್ಕು ಸರಿಯಾಗುತ್ತದೆ. ಹೀಗೇ ಮುಂದುವರಿದರೆ ಯಾರು ಒಳಗೆ ಬರುತ್ತಾರೆ ಅಂತ ಹೇಳುವುದೇ ಬೇಡ. ಯಾರು ಹೊರಗೆ ಅಂತ ಹೇಳಿದರೆ ಸಾಕು.

ಮೇಲಿಂದ ದುಡ್ಡು ಕೊಟ್ಟು ವೋಟು ಕೊಳ್ಳುವ ಆ್ಯಪ್ ಬೇರೆ. ಈಗ ಹುಡುಗಿಯ ಸೊಂಟದ ಜೊತೆ ಅವಳ ಚಿಕ್ಕಪ್ಪನ ಜೇಬನ್ನೂ ಅಳೆಯಬೇಕು.

ಇಷ್ಟೆಲ್ಲ ಆಗಿಯೂ ಭವಿಷ್ಯ ಸುಳ್ಳಾದರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿದವಳು ಸುಮ್ನೆ ಇರುತ್ತಾಳೆ, ನೋಡಿದವರು ನೆಲ ಡೊಂಕು ಅನ್ನುತ್ತಾರೆ. ಜಡ್ಜ್‌ಗಳಿಗೆ ಕಣ್ಣಿಲ್ಲ, ಲೈಟಿಂಗ್ ಸರಿ ಇರಲಿಲ್ಲ, ದುಭಾಷಿ ಉತ್ತರ ಕೆಡಿಸಿದ, ನಮ್ಮ ಹುಡುಗಿಯ ಕಿರೀಟ ಕದ್ದರು. ತಪ್ಪಿದ್ದು ಫಲಿತಾಂಶ, ಪಟ್ಟಿಯಲ್ಲ.

ಇವರ ಧೈರ್ಯಕ್ಕೆ ಮೆಚ್ಚಬೇಕು. ಯಾಕೆಂದರೆ 2015ರಲ್ಲಿ ಉತ್ತರವನ್ನು ಕೈಯಲ್ಲೇ ಹಿಡಿದುಕೊಂಡಿದ್ದ ಮನುಷ್ಯನಿಗೂ ಗೆದ್ದವರು ಯಾರು ಅಂತ ಗೊತ್ತಾಗಲಿಲ್ಲ. ಲಾಸ್ ವೇಗಸ್, ಅದೇ ಸ್ಟೀವ್ ಹಾರ್ವೆ. ಕಾರ್ಡಿನಲ್ಲಿ ಮೂರು ದೇಶಗಳ ಹೆಸರು ಅಚ್ಚಾಗಿತ್ತು. ಗೆದ್ದವರ ಹೆಸರು ಬಲಗಡೆ ಕೆಳಮೂಲೆಯಲ್ಲಿತ್ತು. ಆತ ರನ್ನರ್ ಅಪ್ ಕೊಲಂಬಿಯಾವನ್ನು ವಿಜೇತೆ ಅಂದುಬಿಟ್ಟ. ಆಕೆ ಕಿರೀಟ ತೊಟ್ಟು, ಬಾವುಟ ಹಿಡಿದು, ಕೈ ಬೀಸಿದ್ದೂ ಆಯಿತು. ಕೆಲವು ನಿಮಿಷದಲ್ಲಿ ವಾಪಸು ಬಂದು, ಕ್ಷಮಿಸಿ, ಗೆದ್ದದ್ದು ಫಿಲಿಪ್ಪೀನ್ಸ್ ಅಂದ. ಆ ರಾತ್ರಿ ಕೊಲಂಬಿಯಾ ಅಂದವರದ್ದೂ ಸರಿಯಾಯಿತು, ಫಿಲಿಪ್ಪೀನ್ಸ್ ಅಂದವರದ್ದೂ ಸರಿಯಾಯಿತು. ಪಂಡಿತರ ಪಾಲಿಗೆ ಅಂಥ ಶುಭದಿನ ಮತ್ತೆ ಬಂದಿಲ್ಲ.

2025ರಲ್ಲಿ ಆದದ್ದೇ ಬೇರೆ. ಸ್ಪರ್ಧೆ ಥಾಯ್ಲೆಂಡ್‌ನಲ್ಲಿ. ಫೈನಲ್‌ಗೆ ಕೆಲವೇ ದಿನ ಇರುವಾಗ ಒಮರ್ ಹರ್ಫೂಷ್ ಅನ್ನುವ ಜಡ್ಜ್ ರಾಜೀನಾಮೆ ಕೊಟ್ಟರು. ನಮ್ಮನ್ನು ಕೇಳದೆಯೇ ಬೇರೆ ಯಾರೋ ಕೂತು 30 ಫೈನಲಿಸ್ಟ್‌ಗಳನ್ನು ಆರಿಸಿಬಿಟ್ಟಿದ್ದಾರೆ ಅಂತ ಅವರ ಆರೋಪ. ಹಾಗೇನೂ ಇಲ್ಲ ಅಂತ ಸಂಸ್ಥೆ ಅಲ್ಲಗಳೆಯಿತು. ನಿಜ ಯಾವುದೋ ಇರಲಿ, ಪಂಡಿತರ ಸ್ಥಿತಿ ನೆನೆಯಿರಿ. ಜಡ್ಜ್‌ಗಳಿಗಿಂತ ಮೊದಲೇ ಪಟ್ಟಿ ಮಾಡುವುದು ತಮ್ಮ ಹಕ್ಕು ಅಂದುಕೊಂಡಿದ್ದವರು ಅವರು. ಅದಕ್ಕೂ ಪೈಪೋಟಿ ಬಂತು ಅಂದರೆ ಹೇಗಾಗಿರಬೇಡ.

ಅದೇ ತಿಂಗಳ ಶುರುವಿನಲ್ಲಿ ಅಲ್ಲಿನ ಆಯೋಜಕರೊಬ್ಬರು ಮೆಕ್ಸಿಕೊದ ಫಾತಿಮಾ ಬಾಷ್‌ರನ್ನು ಎಲ್ಲರೆದುರು, ಕ್ಯಾಮೆರಾ ಓಡುತ್ತಿರುವಾಗಲೇ ಬೈದಿದ್ದರು. ಆಕೆ ಎದ್ದು ಹೊರನಡೆದಳು. ಜೊತೆಗೆ ಹಲವು ಸ್ಪರ್ಧಿಗಳೂ ಹೊರನಡೆದರು, ಹಿಂದಿನ ವರ್ಷದ ವಿಜೇತೆಯೂ ಸೇರಿ. ನವೆಂಬರ್ 21ರಂದು ಕಿರೀಟ ಸಿಕ್ಕಿದ್ದು ಬೈಸಿಕೊಂಡ ಹುಡುಗಿಗೇ. ‘ಅವತ್ತೇ ನಾನು ಹೇಳಿದ್ದೆ’ ಅನ್ನುವವರು ಆಮೇಲೆ ಎಷ್ಟು ಜನ ಹುಟ್ಟಿಕೊಂಡರು ಅಂದರೆ, ಅವತ್ತು ಹೇಳದೆ ಸುಮ್ಮನಿದ್ದವರನ್ನು ಹುಡುಕುವುದೇ ಕಷ್ಟ.

ಇನ್ನು ಮುಂದಿನ ಪಟ್ಟಿಗಳಲ್ಲಿ ಎತ್ತರ, ನಡಿಗೆ, ಮಾತುಗಾರಿಕೆಯ ಪಕ್ಕ ಹೊಸ ಕಾಲಂ ಬರುತ್ತದೆ ನೋಡಿ: ಬೈಸಿಕೊಳ್ಳುವ ಯೋಗ್ಯತೆ, ಹತ್ತಕ್ಕೆ ಇಷ್ಟು ಅಂಕ. ಕೋಚ್‌ಗಳು ಹುಡುಗಿಯರಿಗೆ ಯಾವ ಹೀಲ್ಸ್‌ನಲ್ಲಿ ಎದ್ದು ಹೊರನಡೆದರೆ ಚೆನ್ನ ಅಂತ ಹೇಳಿಕೊಡುತ್ತಾರೆ. ಬೈಯುವವರು ಯಾರು ಅನ್ನುವುದಕ್ಕೆ ಬೇರೆ ಟಾಪ್ 5, ಯಾವ ಪಕ್ಷಪಾತವೂ ಇಲ್ಲದೆ.